ಏಳಡಿ ಮೇಲೆ ಒಂದು ಬೆರಳು

ಸರ್ರ್ ಎಂದು ಏನೋ ಜಾರಿದ ಸದ್ದು. ಅದರ ಬೆನ್ನಿಗೇ ಟಕ್ ಎಂದಿತು. ಅವಳಿಗೆ ಎಚ್ಚರವಾಯಿತು. ಇಲಿಯಲ್ಲ, ನಲ್ಲಿಯೂ ಅಲ್ಲ. ಉಸಿರು ಬಿಗಿಹಿಡಿದು ಕಾದಳು. ಸ್ವಲ್ಪ ಹೊತ್ತಿಗೆ ಮತ್ತೆ ಸರ್ರ್, ಟಕ್. ಇಪ್ಪತ್ತೆರಡು ವರ್ಷ ಬಡಗಿಯ ಜೊತೆ ಬಾಳಿದವಳಿಗೆ ಅಳತೆಯ ಟೇಪು ತನ್ನ ಡಬ್ಬಿಯೊಳಗೆ ವಾಪಸು ಸೇರುವ ಸದ್ದು ತಿಳಿಯದೆ ಇರುವುದಿಲ್ಲ. ಪಕ್ಕಕ್ಕೆ ಕೈ ಚಾಚಿದಳು. ಹಾಸಿಗೆ ತಣ್ಣಗಿತ್ತು.

ಅತ್ತೆ ಮತ್ತು ಮಗಳು ಮಲಗುವ ಚಿಕ್ಕ ಕೋಣೆಯಲ್ಲಿ ಗಂಡ ಮೊಬೈಲನ್ನು ಬಾಯಲ್ಲಿ ಕಚ್ಚಿಕೊಂಡು, ಅದರ ಬೆಳಕಿನಲ್ಲಿ ಮಂಡಿಯೂರಿ ಕೂತಿದ್ದ. ಅತ್ತೆ ತಮ್ಮ ಕೇಳುವ ಕಿವಿಯನ್ನು ದಿಂಬಿಗೆ ಒತ್ತಿಕೊಂಡು ಮಲಗಿದ್ದರು. ನೆಲದ ಹಾಸಿಗೆಯ ಮೇಲೆ ಮಗಳು. ಅವಳು ಒಮ್ಮೆ ಕಣ್ಣು ಮುಚ್ಚಿದಳೆಂದರೆ ಮನೆಯನ್ನೇ ಎತ್ತಿಕೊಂಡು ಹೋದರೂ ಏಳುವ ಪೈಕಿಯಲ್ಲ.

"ಏನ್ರೀ ಇದು, ಇಷ್ಟು ಹೊತ್ತಲ್ಲಿ?"

"ಶೆಲ್ಫ್ ಹೊಡೆಯೋಣ ಅಂತ," ಎಂದ, ಮೊಬೈಲನ್ನು ಬಾಯಿಂದ ತೆಗೆದು.

ಅವಳು ಬಾಗಿಲಿಗೆ ಒರಗಿ ನಿಂತಳು. ಇವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದು ಅವಳಿಗೆ ಮದುವೆಯಾದ ವಾರದಲ್ಲೇ ಗೊತ್ತಾಗಿತ್ತು. ಎರಡು ನಿಮಿಷ ಸುಮ್ಮನಿದ್ದರೆ ಸಾಕು, ತಾನಾಗಿ ಉದುರುತ್ತದೆ. ಉದುರಿತು. ಶೆಲ್ಫೂ ಇಲ್ಲ, ಗಿಲ್ಫೂ ಇಲ್ಲ. ತಮ್ಮದೇ ಸಾಲಿನ ಕೊನೆಯ ಮನೆಗೆ ಪಾರ್ಟಿಶನ್ ಹಾಕಬೇಕಂತೆ. ಬೆಳಗ್ಗೆಯೊಳಗೆ ನಕ್ಷೆ ಬೇಕೆಂದು ಮನೆಗಳ ಯಜಮಾನ ಪಟ್ಟು ಹಿಡಿದಿದ್ದಾನೆ. ಆ ಮನೆಯ ಕೀಲಿ ಯಾರ ಹತ್ತಿರವೋ ಇದೆ, ಅವರು ಊರಲ್ಲಿಲ್ಲ. ನಾಲ್ಕೂ ಮನೆ ಒಂದೇ ಅಚ್ಚಿನಲ್ಲಿ ಹುಯ್ದದ್ದು ತಾನೆ, ಇಲ್ಲೇ ಅಳೆದರಾಯಿತು ಎಂದುಕೊಂಡನಂತೆ. ಹಗಲಲ್ಲಿ ಅಳೆದರೆ ಅಮ್ಮನ ಬಾಯಿಗೆ ಸಿಕ್ಕಿಬೀಳಬೇಕಾಗುತ್ತದೆ ಎಂದು ರಾತ್ರಿ ಎದ್ದಿದ್ದಾನೆ.

"ಈ ಗೋಡೆ ಕಟ್ಟಿದೋನು ಕುಡಿದು ಕಟ್ಟಿದಾನೆ ಕಣೇ," ಎಂದ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತ. "ಆ ತುದಿ ಸರಿಯಾಗಿ ಏಳಡಿ. ಈ ತುದಿ ಏಳಡಿ ಮೇಲೆ ಒಂದು ಬೆರಳು. ನೋಡು ಬೇಕಾದ್ರೆ."

ಅವಳು ನೋಡಲಿಲ್ಲ. ಬಂದು ಮಲಗಿ ಎಂದು ಹೇಳಿ ಹೋದಳು. ಅವನು ಅಳೆದದ್ದನ್ನು ಇನ್ನೊಬ್ಬರು ನೋಡಬೇಕಾಗಿರಲಿಲ್ಲ. ಆ ಬೀದಿಗಳಲ್ಲಿ ಅವನ ಅಳತೆಯೆಂದರೆ ಅಳತೆ. ಅವನು ಗುರುತು ಹಾಕಿದ ಜಾಗದಲ್ಲಿ ಕೂದಲು ತೂರದು ಎಂದು ಬೇರೆ ಬಡಗಿಗಳೇ ಹೇಳುತ್ತಿದ್ದರು.

ಆ ಸಾಲಿನಲ್ಲಿ ನಾಲ್ಕು ಮನೆಗಳು, ಇವರದು ಮೂರನೆಯದು. ಹನ್ನೊಂದು ವರ್ಷದಿಂದ ಇದ್ದರು. ಕಾಲೇಜಿಗೆ ಹತ್ತು ನಿಮಿಷದ ದಾರಿ. ಅವಳು ಅಲ್ಲಿ ಶುಲ್ಕ ವಿಭಾಗದ ಗುಮಾಸ್ತೆ, ಮಗಳು ಅಲ್ಲೇ ಲ್ಯಾಬ್ ಟೆಕ್ನಿಶಿಯನ್ ಕೋರ್ಸಿನ ಎರಡನೆಯ ವರ್ಷ. ಅವಳ ಲ್ಯಾಬು ಬೆಳಗ್ಗೆ ಏಳಕ್ಕೆ ಶುರು. ಸಿಬ್ಬಂದಿಯ ಮಗಳೆಂದು ಅರ್ಧ ಶುಲ್ಕ ಮಾಫಿ.

ನಾಲ್ಕು ವರ್ಷದ ಹಿಂದೆ ಕಾಲೇಜು ಹೊರದೇಶದ ಮಕ್ಕಳನ್ನು ಸೇರಿಸಿಕೊಳ್ಳಲು ಶುರುಮಾಡಿತು. ಮೊದಲು ನಲವತ್ತು, ಆಮೇಲೆ ಇನ್ನೂರು, ಈಗ ಏಳುನೂರು. ಹಾಸ್ಟೆಲಿನ ಲೆಕ್ಕಕ್ಕೆ ಆಟದ ಮೈದಾನದ ಮೂಲೆಯಲ್ಲಿ ಒಂದು ಬೋರ್ಡು ನಿಂತಿತು. ಅದರ ಮೇಲೆ ಬರೆದ ಐದು ಅಂತಸ್ತಿನ ಕಟ್ಟಡದ ಚಿತ್ರ ಬಿಸಿಲಿಗೆ ಬೆಳ್ಳಗಾಗಿ, ಈಗ ಮೇಲಿನ ಎರಡು ಅಂತಸ್ತು ಮಾತ್ರ ಕಾಣುತ್ತದೆ. ಮಕ್ಕಳು ಎಲ್ಲಿ ಮಲಗಬೇಕು? ಬೀದಿಯ ಯಜಮಾನರಿಗೆ ಅದು ಬೇಗ ಹೊಳೆಯಿತು. ಮನೆಯನ್ನು ಮನೆಯ ಲೆಕ್ಕದಲ್ಲಿ ಕೊಡುವ ಬದಲು ಮಂಚದ ಲೆಕ್ಕದಲ್ಲಿ ಕೊಟ್ಟರೆ ಮೂರು ಪಟ್ಟು ಬರುತ್ತದೆ. ಮೊದಲ ಮನೆಯಲ್ಲಿ ಒಂಬತ್ತು ವರ್ಷ ಇದ್ದ ಟೈಲರಮ್ಮನ ಸಂಸಾರ ಎದ್ದು ಹೋಯಿತು. ಹೋಗುವ ದಿನ ಆಕೆ ತನ್ನ ಬಟ್ಟೆಯ ಟೇಪನ್ನು ಇವಳ ಕೈಯಲ್ಲಿಟ್ಟು, ಇಟ್ಕೋ ಅಕ್ಕ, ನೆನಪಿಗೆ ಎಂದಿದ್ದಳು. ಈಗ ಆ ಮನೆಯಲ್ಲಿ ಹನ್ನೆರಡು ಜನ, ಒಂದು ಬಚ್ಚಲು. ಎರಡನೆಯ ಮನೆಯೂ ಹಾಗೇ ಆಯಿತು. ಎರಡಕ್ಕೂ ಪ್ಲೈವುಡ್ ಗೋಡೆ ಎಬ್ಬಿಸಿದವನು ಅವಳ ಗಂಡ.

ಸಾಲಿನ ಯಜಮಾನನಿಗೆ ಅತ್ತೆ ಇಟ್ಟ ಹೆಸರು ಗೊಂಚಲು. ಸೊಂಟದಲ್ಲಿ ಅಷ್ಟೊಂದು ಕೀಲಿಕೈ. ಅವನು ಬೀದಿಯ ತಿರುವಿನಲ್ಲಿರುವಾಗಲೇ ಝಣಝಣ ಕೇಳುತ್ತದೆ ಎಂದು ಅವರ ಲೆಕ್ಕ. ಒಂದೇ ಕಿವಿ ಕೇಳುತ್ತಿದ್ದರೂ ಅದೊಂದು ಸದ್ದು ತಪ್ಪುತ್ತಿರಲಿಲ್ಲ.

ಬೆಳಗ್ಗೆ ಬ್ರೆಡ್ಡು, ಮೊಟ್ಟೆಯ ಮುಂದೆ ಕೂತಾಗ ಗಂಡನೇ ನಕ್ಷೆಯ ವಿಷಯ ಎತ್ತಿದ. ಬಚ್ಚಿಟ್ಟುಕೊಳ್ಳಲು ಆಗಲಿಲ್ಲ. ಕೊನೆಯ ಮನೆಯನ್ನು ಅಗ್ಗಕ್ಕೆ ಮಾಡಿಕೊಟ್ಟರೆ ನಮ್ಮನೆ ತಂಟೆಗೆ ಬರುವುದಿಲ್ಲ ಎಂದು ಗೊಂಚಲು ಮಾತು ಕೊಟ್ಟಿದ್ದಾನೆ ಎಂದ.

"ಬರೆದು ಕೊಟ್ನಾ?" ಎಂದರು ಅತ್ತೆ.

"ಬಾಯಲ್ಲಿ ಹೇಳಿದಾನಮ್ಮ."

"ಅವನ ಬಾಯಿ ಏನು ಬ್ಯಾಂಕಾ? ನಿಮ್ಮಪ್ಪ ಹೀಗೇ ಬಾಯಿ ನಂಬಿ ನಂಬಿ ನನ್ನನ್ನ ಮೂರು ಊರು ತಿರುಗಿಸಿದ್ರು."

ಮಗಳು ಚೀಲಕ್ಕೆ ಬಿಳಿ ಕೋಟು ತುರುಕುತ್ತ ಹೇಳಿದಳು: "ಅಪ್ಪ ಗೋಡೆ ಎಬ್ಬಿಸ್ತಾರೆ, ಅಮ್ಮ ಮೊಹರು ಒತ್ತುತ್ತಾರೆ, ಗೊಂಚಲು ಬಾಡಿಗೆ ಎತ್ತುತ್ತಾನೆ. ನೀವು ಮೂರೂ ಜನ ಸೇರಿ ಒಂದು ಕಂಪನಿನೇ ಮಾಡ್ಬಹುದು."

"ಆ ಗೋಡೆಯಿಂದಲೇ ನಿನ್ನ ಮೈಕ್ರೋಸ್ಕೋಪಿನ ದುಡ್ಡು ಬಂದಿದ್ದು," ಎಂದ ಗಂಡ.

"ಅದಕ್ಕೇ ಅದರಲ್ಲಿ ಎಲ್ಲ ಇಕ್ಕಟ್ಟಾಗಿ ಕಾಣತ್ತೆ," ಎಂದು ಮಗಳು ಹೊರಟಳು.

ಮೊಹರಿನ ಮಾತು ಅವಳಿಗೆ ನಾಟಿತು. ಯಾಕೆಂದರೆ ಅದು ನಿಜ. ಹೊರದೇಶದ ಪ್ರತಿ ವಿದ್ಯಾರ್ಥಿಯೂ ತಾನು ಎಲ್ಲಿ ಇರುತ್ತೇನೆ ಎಂದು ಒಂದು ಪತ್ರ ಕೊಡಬೇಕು. ಮನೆಯ ಯಜಮಾನನ ಸಹಿ ಮತ್ತು ಕೋಣೆಯ ನಕ್ಷೆ ಲಗತ್ತಿಸಿರಬೇಕು. ಅದರ ಮೇಲೆ 'ವಸತಿ ಇದೆ' ಎಂದು ಮೊಹರು ಬಿದ್ದಮೇಲೆಯೇ ಶುಲ್ಕ ಕಟ್ಟಿಸಿಕೊಳ್ಳುವುದು. ಆ ಮೊಹರು ಅವಳ ಮೇಜಿನ ಮೇಲಿತ್ತು. ಒಂದು ಮನೆಯನ್ನೂ ನೋಡದೆ ನಾಲ್ಕು ವರ್ಷದಿಂದ ಒತ್ತಿದ್ದಳು.

ಮುಂದಿನ ವಾರ, ಬುಧವಾರ ಮಧ್ಯಾಹ್ನ, ಕಟ್ಟಿನ ನಡುವಿನಿಂದ ಎಂಟು ಪತ್ರಗಳು ಒಂದೇ ಪಿನ್ನಿನಲ್ಲಿ ಸಿಕ್ಕಿಸಿಕೊಂಡು ಬಂದವು. ಎಂಟಕ್ಕೂ ಒಂದೇ ವಿಳಾಸ. ಸಾಲಿನ ಮೂರನೆಯ ಮನೆ. ಅವಳು ಎರಡು ಸಲ ಓದಿದಳು. ತಪ್ಪು ಬರೆದಿರಬೇಕು, ನಾಲ್ಕರ ಬದಲು ಮೂರು ಎಂದಾಗಿರಬೇಕು ಎಂದುಕೊಂಡು ಹಾಳೆ ತಿರುವಿದಳು. ಹಿಂದೆ ನಕ್ಷೆಯ ನಕಲು ಇತ್ತು. ಗೆರೆ ಗುರುತು ಸಿಕ್ಕಿತು. ಬಾಗಿಲು ತೆರೆಯುವ ಕಡೆಗೆ ಸಣ್ಣ ಬಾಣ ಹಾಕುವುದು ಗಂಡನ ಅಭ್ಯಾಸ. ಅಡುಗೆಮನೆಯ ಮೂಲೆಯಲ್ಲಿ ನೀರು ಜಿನುಗುವ ಗೋಡೆಗೆ ಅಡ್ಡಗೀಟು ಎಳೆದಿದ್ದ. ಜಿನುಗುವುದು ಇವರ ಮನೆಯ ಗೋಡೆ ಮಾತ್ರ. ನಡುಮನೆಯಲ್ಲಿ ನಾಲ್ಕು ಮಂಚ. ಅವಳೂ ಗಂಡನೂ ಮಲಗುವ ಕಡೆ ಮೂರನೆಯದು, ನಾಲ್ಕನೆಯದು. ಅಡುಗೆಮನೆಯಲ್ಲಿ ಏಳು, ಎಂಟು. ಚಿಕ್ಕ ಕೋಣೆಯಲ್ಲಿ ಐದು, ಆರು. ಐದನೆಯದು ಅತ್ತೆಯ ಮಂಚ.

ಪತ್ರಗಳನ್ನು ಹಿಡಿದುಕೊಂಡು ಸೂಪರಿಂಟೆಂಡೆಂಟರ ಕೋಣೆಗೆ ಹೋದಳು. ಅವರು ಕಿತ್ತಳೆ ಸುಲಿಯುತ್ತಿದ್ದರು. ಇದು ನಮ್ಮ ಮನೆ ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಏನೋ ತಡೆಯಿತು. ಕಚೇರಿಯ ಕಡತದಲ್ಲಿ ಇನ್ನೂ ಅವಳ ತವರುಮನೆಯ ವಿಳಾಸವೇ ಇತ್ತು, ಯಾರೂ ಕೇಳಿರಲಿಲ್ಲ.

"ಸರ್, ಈ ಮನೆಯಲ್ಲಿ ಈಗಾಗಲೇ ಯಾರಾದ್ರೂ ಇದ್ರೆ?"

"ಖಾಲಿ ಇದೆ ಅಂತ ಯಜಮಾನ ಸಹಿ ಮಾಡಿದಾರಲ್ಲ. ಮೊಹರು ಒತ್ತೋಕೆ ಮನೆ ನೋಡ್ಬೇಕೇನಮ್ಮ?"

ಆಮೇಲೆ ಅವರು ಸಣ್ಣ ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಸರ್ಕಾರದ ಅನುದಾನ ಮೊದಲಿನ ಅರ್ಧಕ್ಕೆ ಇಳಿದಿದೆ. ಊರಿನ ಮಕ್ಕಳ ಶುಲ್ಕದಲ್ಲಿ ಕರೆಂಟು ಬಿಲ್ಲೂ ಹೊರಡುವುದಿಲ್ಲ. ಹೊರದೇಶದ ಒಬ್ಬ ವಿದ್ಯಾರ್ಥಿ ಊರಿನ ಐದು ಮಕ್ಕಳಷ್ಟು ಕಟ್ಟುತ್ತಾನೆ. ಲ್ಯಾಬು, ಲೈಬ್ರರಿ, ಸಂಬಳ, ನಿಮ್ಮ ಮಗಳ ಮಾಫಿ, ಎಲ್ಲ ಅಲ್ಲಿಂದ. ಈ ತಿಂಗಳು ಹದಿನೈದರೊಳಗೆ ಮೊಹರು ಬೀಳದಿದ್ದರೆ ಮುಂದಿನ ವರ್ಷ ಲ್ಯಾಬ್ ಕೋರ್ಸು ಇರುತ್ತದೆಂದು ತಾನು ಹೇಳಲಾರೆ.

"ಅಷ್ಟು ದುಡ್ಡು ಬಂದ್ರೂ ಹಾಸ್ಟೆಲು ಯಾಕೆ ಆಗ್ಲಿಲ್ಲ ಸರ್? ಇವರೆಲ್ಲ ಎಲ್ಲಿರ್ಬೇಕು?"

ಅವರು ಒಂದು ತೊಳೆ ಬಾಯಿಗೆ ಹಾಕಿಕೊಂಡರು. "ಊರು ನೋಡ್ಕೊಳ್ಳತ್ತೆ."

ಊರು ನೋಡಿಕೊಳ್ಳುತ್ತದೆ. ದಾರಿಯುದ್ದಕ್ಕೂ ಆ ಮಾತು ಅವಳ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಕಾಡಿತು. ಊರು ಎಂದರೆ ಯಾರು? ಟೈಲರಮ್ಮನೇ? ಅತ್ತೆಯ ಮಂಚವೇ?

ಅಂದು ಸಂಜೆ ಅವಳು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಝಣಝಣ ಕೇಳಿಸಿತು. ಗೊಂಚಲು ನಡುಮನೆಯ ಕುರ್ಚಿಯಲ್ಲಿ ಕೂತಿದ್ದ. ಎದುರಿಗೆ ಟೀಪಾಯಿಯ ಮೇಲೆ ಒಂದು ಹಾಳೆ. ಮೂವತ್ತು ದಿನದಲ್ಲಿ ಮನೆ ಬಿಡಬೇಕು. ಗಂಡ ಗೋಡೆ ಹಿಡಿದು ನಿಂತಿದ್ದ.

ಗೊಂಚಲಿನ ಮಾತು ಯಾವಾಗಲೂ ಮೆತ್ತಗೆ. ತನಗೂ ಸಂಸಾರವಿದೆ, ಸಾಲವಿದೆ, ಕಾಲ ಕೆಟ್ಟಿದೆ ಎಂದ. ಅಮ್ಮ ಕಾಲೇಜಿನಲ್ಲೇ ಇದ್ದಾರೆ, ಮಕ್ಕಳು ಎಷ್ಟು ಬರುತ್ತಿದ್ದಾರೆ ಎಂದು ಅವರಿಗೇ ಗೊತ್ತು ಎಂದ. ಆಮೇಲೆ ಗಂಡನ ಕಡೆ ತಿರುಗಿ ಹೇಳಿದ: "ಬೇಜಾರು ಮಾಡ್ಕೋಬೇಡಿ ಮೇಸ್ತ್ರಿ. ಇಲ್ಲಿನ ಪಾರ್ಟಿಶನ್ ಕೆಲಸನೂ ನಿಮಗೇ. ಬೇರೆಯವರಿಗೆ ಕೊಡಲ್ಲ."

ಅತ್ತೆ ಚಿಕ್ಕ ಕೋಣೆಯಿಂದಲೇ ಕೇಳಿದರು: "ಹೆಣದ ಪೆಟ್ಟಿಗೇನೂ ಇವನ ಕೈಲೇ ಮಾಡಿಸ್ಬಿಡಪ್ಪ, ರೇಟು ಕಮ್ಮಿಗೆ ಆಗತ್ತೆ."

ಗೊಂಚಲು ಹೋದ ಮೇಲೆ ಅವಳು ಗಂಡನ ಮೇಲೆ ಮುಗಿಬಿದ್ದಳು. ನಕ್ಷೆ ತನ್ನ ಮೇಜಿಗೆ ಬಂದದ್ದು, ಅಡ್ಡಗೀಟು, ಬಾಣ, ಮಂಚದ ನಂಬರು, ಎಲ್ಲ ಹೇಳಿದಳು. ನಮ್ಮ ಮನೆಯನ್ನು ನಿಮ್ಮ ಕೈಯಾರೆ ಅಳೆದು ಅವನ ಜೇಬಿಗೆ ಹಾಕಿಕೊಟ್ಟಿರಿ ಎಂದಳು. ಅವನು ಒಂದೇ ಮಾತು ಹೇಳುತ್ತಿದ್ದ. ಮಾತು ಕೊಟ್ಟಿದ್ದ ಕಣೇ, ಮಾತು ಕೊಟ್ಟಿದ್ದ. ಅಂದು ರಾತ್ರಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಮಗಳು ಮಾತ್ರ ತಟ್ಟೆಯಲ್ಲಿ ಆಲೂಗಡ್ಡೆ ಕಿವುಚುತ್ತ, ಬರುವವರು ತಮ್ಮ ದೇಶದಲ್ಲೇ ಓದಿಕೊಂಡಿದ್ದರೆ ಇವರಪ್ಪನ ಗಂಟೇನು ಹೋಗುತ್ತಿತ್ತು ಎಂದು ಒಂದೇ ಸಮ ಬೈದಳು.

ಮುಂದಿನ ಹತ್ತು ದಿನ ಮನೆ ಹುಡುಕುವುದರಲ್ಲೇ ಕಳೆದವು. ಕಾಲೇಜಿನ ಸುತ್ತ ಎಲ್ಲಿ ಕೇಳಿದರೂ ಎಷ್ಟು ಮಂಚ ಹಾಕುತ್ತೀರಿ ಎಂಬುದೇ ಮೊದಲ ಪ್ರಶ್ನೆ. ಒಬ್ಬಾಕೆ, ಮುದುಕಿ ಇದ್ದಾರೆಯೇ, ಹಾಗಾದರೆ ಬೇಡ, ರಾತ್ರಿಯೆಲ್ಲ ಕೆಮ್ಮುತ್ತಾರೆ ಎಂದಳು. ಕೈಗೆಟುಕುವ ಬಾಡಿಗೆಯ ಮನೆ ಸಿಕ್ಕಿದ್ದು ರಿಂಗ್ ರಸ್ತೆಯ ಆಚೆ, ಎರಡು ಬಸ್ಸು ಬದಲಿಸಿ ಒಂದೂವರೆ ಗಂಟೆ. ಅಲ್ಲಿಂದ ಮೊದಲ ಬಸ್ಸು ಹೊರಡುವುದೇ ಆರೂಕಾಲಿಗೆ. ಏಳರ ಲ್ಯಾಬಿಗೆ ಮಗಳು ಹಾರಿಕೊಂಡು ಬರಬೇಕು. ಹಾಜರಿ ತಪ್ಪಿದರೆ ಪರೀಕ್ಷೆ ಇಲ್ಲ.

ಒಂದು ಭಾನುವಾರ, ಬಟ್ಟೆ ಒಣಗಿಸುತ್ತಿದ್ದಾಗ ಗೇಟಿನ ಹೊರಗೆ ಒಬ್ಬ ಹುಡುಗಿ ನಿಂತಿದ್ದಳು. ಆ ಬಿಸಿಲಲ್ಲೂ ಮೊಣಕಾಲು ಮುಚ್ಚುವ ಉದ್ದನೆಯ ಕೋಟು. ಮೊಬೈಲನ್ನು ಒಮ್ಮೆ, ಮನೆಯನ್ನು ಒಮ್ಮೆ ನೋಡುತ್ತಿದ್ದಳು. ಕಲಿತ ಮಾತಿನಲ್ಲಿ, ತಡೆತಡೆದು, ತನ್ನ ಮನೆ ನೋಡಲು ಬಂದೆ ಎಂದಳು. ಮೊಬೈಲಿನ ಫೋಟೋದಲ್ಲಿ ಇವರದೇ ಬಾಗಿಲು, ಇವರದೇ ಹೂವಿನ ಹೊದಿಕೆ ಹಗ್ಗದ ಮೇಲೆ, ಅದರ ಪಕ್ಕ ಕುರ್ಚಿಯಲ್ಲಿ ಬಿಸಿಲು ಕಾಯುತ್ತಿರುವ ಅತ್ತೆ.

ಅತ್ತೆ ಕನ್ನಡಕ ಏರಿಸಿ ನೋಡಿದರು. "ನನ್ನನ್ನೂ ಸೇರಿಸಿ ಬಾಡಿಗೆಗೆ ಬಿಟ್ಟಿದಾನಾ? ನನ್ನ ಪಾಲು ಎಷ್ಟಂತೆ ಕೇಳೇ."

ಹುಡುಗಿಗೆ ಒಳಗೆ ಬಂದ ಮೇಲೆ ಅರ್ಥವಾಗುತ್ತ ಹೋಯಿತು. ಒಲೆಯ ಮೇಲೆ ಪಾತ್ರೆ, ಗೋಡೆಯ ಮೇಲೆ ಮದುವೆಯ ಫೋಟೋ, ಬಾಗಿಲ ಹಿಂದೆ ಮಗಳ ಬಿಳಿ ಕೋಟು. ಆರು ತಿಂಗಳ ಬಾಡಿಗೆ ಮುಂಗಡ ಕಟ್ಟಿದ್ದೇನೆ ಎಂದಳು. ಅಪ್ಪ ಲಾರಿ ಓಡಿಸುತ್ತಿದ್ದರು, ಅದನ್ನು ಮಾರಿ ಕಳಿಸಿದ್ದಾರೆ ಎಂದಳು. ತನ್ನದು ಐದನೆಯ ಮಂಚ. ಯಾವುದು ಎಂದು ಕೇಳಿದಳು. ಅತ್ತೆಯ ಮಂಚವನ್ನು ತೋರಿಸಿದಾಗ ಅವಳ ಕೈ ಬಾಯಿಗೆ ಹೋಯಿತು. ಕ್ಷಮಿಸಿ ಎಂದಳು. ಎರಡು ಸಲ, ಮೂರು ಸಲ. ಯಾರು ಯಾರ ಕ್ಷಮೆ ಕೇಳಬೇಕು ಎಂದು ಇವಳಿಗೆ ಉರಿದುಹೋಯಿತು. ಹತ್ತು ದಿನ ಇಂಥವರನ್ನೇ ಬೈದಿದ್ದ ಮಗಳು ಎದ್ದು ಹೋಗಿ ಚಹಾ ಮಾಡಿಕೊಂಡು ಬಂದಳು. ಅತ್ತೆ ಮಂಚದ ಮೇಲೆ ಸರಿದು ಜಾಗ ಮಾಡಿಕೊಟ್ಟರು. "ಕೂತ್ಕೋ ಮಗಾ. ದುಡ್ಡು ಕಟ್ಟಿದೀಯ, ಒಂದರ್ಧ ಗಂಟೆ ಆದ್ರೂ ಕೂತ್ಕೋ."

ಮಾರನೆಯ ದಿನ ಅವಳು ಕಚೇರಿಯ ಕಬ್ಬಿಣದ ಬೀರು ತೆರೆದು, ವಸತಿ ನಿಯಮಗಳ ಪುಸ್ತಕ ಹೊರತೆಗೆದಳು. ಅದನ್ನು ಯಾರೂ ಓದಿದ ಗುರುತಿರಲಿಲ್ಲ, ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹೊರದೇಶದವರನ್ನು ಸೇರಿಸಿಕೊಳ್ಳಲು ಅನುಮತಿ ಬೇಕಾದಾಗ ಸರ್ಕಾರಕ್ಕೆ ತೋರಿಸಲು ಬರೆದಿಟ್ಟ ಪುಸ್ತಕ ಅದು. ಊಟದ ಡಬ್ಬಿ ಪಕ್ಕಕ್ಕಿಟ್ಟು ಸಾಲು ಸಾಲಾಗಿ ಓದಿದಳು. ಎರಡು ಮಂಚ ಹಾಕುವ ಕೋಣೆಯ ಅಗಲ ಹತ್ತಡಿಗೆ ಕಡಿಮೆ ಇರಬಾರದು. ಅನುಮಾನ ಬಂದ ಮನೆಯನ್ನು ಗುಮಾಸ್ತರು ಖುದ್ದು ಅಳೆದು ರಿಜಿಸ್ಟರಿನಲ್ಲಿ ದಾಖಲಿಸಬಹುದು. ಅಳತೆ ಸುಳ್ಳೆಂದು ಕಂಡರೆ ಆ ಮನೆ ಒಂದು ವರ್ಷ ಪಟ್ಟಿಯಿಂದ ಹೊರಗೆ, ಯಜಮಾನ ಮುಂಗಡವನ್ನೆಲ್ಲ ಮರಳಿಸಬೇಕು, ಬೇರೆ ಜಾಗ ಸಿಗುವವರೆಗೆ ವಿದ್ಯಾರ್ಥಿಗಳು ಕಾಲೇಜಿನ ಅತಿಥಿಗೃಹದಲ್ಲಿ ಇರಬೇಕು. ಕೆಳಗೆ ಇನ್ನೊಂದು ಸಾಲಿತ್ತು. ಅಳೆಯುವವರಿಗೆ ಆ ಮನೆಯ ಜೊತೆ ಯಾವ ಸಂಬಂಧವೂ ಇರತಕ್ಕದ್ದಲ್ಲ, ಇದ್ದರೆ ಕೆಲಸದಿಂದ ವಜಾ.

ಮೊಹರು ಒತ್ತದೆ ಇಟ್ಟಿದ್ದ ಎಂಟು ಪತ್ರಗಳಿಂದ ಅವಳು ನಕ್ಷೆಯನ್ನು ಮತ್ತೆ ತೆಗೆದಳು. ಮೊದಲ ದಿನ ಗೆರೆಗಳನ್ನು ನೋಡಿ ಎದೆ ಒಡೆದಿತ್ತು, ಅಂಕಿಗಳ ಮೇಲೆ ಕಣ್ಣು ಹೋಗಿರಲಿಲ್ಲ. ಗೆರೆ ಗಂಡನ ಪೆನ್ಸಿಲಿನದು. ಅಂಕಿ ಬೇರೆ ಕೈಯದು, ದಪ್ಪ ಪೆನ್ನಿನದು. ಚಿಕ್ಕ ಕೋಣೆಯ ಅಗಲ: ಹತ್ತಡಿ.

ಗುರುವಾರ ಊಟದ ಹೊತ್ತಿಗೆ ರಿಜಿಸ್ಟರನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಬಂದಳು. ಗಂಡ ಕೆಲಸದ ಮೇಲೆ, ಮಗಳು ಕಾಲೇಜಿನಲ್ಲಿ. ಟೈಲರಮ್ಮ ಕೊಟ್ಟುಹೋದ ಬಟ್ಟೆಯ ಟೇಪನ್ನು ಡ್ರಾಯರಿನಿಂದ ತೆಗೆದು, ಒಂದು ತುದಿಯನ್ನು ಅತ್ತೆಯ ಕೈಗೆ ಕೊಟ್ಟಳು.

"ಏನಕ್ಕೆ?"

"ಪರದೆಗೆ ಅತ್ತೆ."

"ಬಿಟ್ಟು ಹೋಗೋ ಮನೆಗೆ ಪರದೆನಾ?" ಎಂದರು. ಆದರೆ ತುದಿಯನ್ನು ಗೋಡೆಗೆ ಒತ್ತಿ ಹಿಡಿದರು. ಟೇಪು ಚಿಕ್ಕದು, ಸೀಮೆಸುಣ್ಣದ ಗುರುತು ಹಾಕಿ ಹಾಕಿ ಅಳೆಯಬೇಕಾಯಿತು. ಆ ತುದಿ ಏಳಡಿ. ಈ ತುದಿ ಏಳಡಿ ಮೇಲೆ ಒಂದು ಬೆರಳು. ಕುಡಿದು ಕಟ್ಟಿದವನ ಗೋಡೆಯನ್ನು ಗಂಡ ಕತ್ತಲಲ್ಲಿ, ಬಾಯಲ್ಲಿ ಮೊಬೈಲು ಕಚ್ಚಿಕೊಂಡು ಒಂದು ಎಳೆಯೂ ತಪ್ಪದೆ ಅಳೆದಿದ್ದ.

ನಾಲ್ಕು ವರ್ಷದಿಂದ ಖಾಲಿಯಿದ್ದ ರಿಜಿಸ್ಟರಿನ ಮೊದಲ ಸಾಲಿನಲ್ಲಿ ಅವಳು ಒಂದೊಂದು ಪದವನ್ನೂ ತೂಗಿ ಬರೆದಳು. ಅಗಲ ಏಳು ಅಡಿ. ನಕ್ಷೆಯಲ್ಲಿ ನಮೂದಿಸಿದ ಅಳತೆ ಸುಳ್ಳು. ಮನೆಯಲ್ಲಿ ನಾಲ್ಕು ಜನರ ಕುಟುಂಬ ವಾಸವಿದೆ. ಯಾರ ಕುಟುಂಬ ಎಂದು ಬರೆಯಲಿಲ್ಲ. ನಾಲ್ಕು ಗಂಟೆಗೆ, ಸೂಪರಿಂಟೆಂಡೆಂಟರು ನೂರಾರು ಕಾಗದಕ್ಕೆ ಮುಖ ನೋಡದೆ ಸಹಿ ಹಾಕುವ ಹೊತ್ತಿಗೆ, ಮನೆಯನ್ನು ಪಟ್ಟಿಯಿಂದ ತೆಗೆದ ಆದೇಶವನ್ನೂ ಅವುಗಳ ನಡುವೆ ಇಟ್ಟಳು. ಸಹಿ ಬಿತ್ತು. ಆ ಮನೆಯ ನಕ್ಷೆಯ ಅಳತೆಯಲ್ಲಿ ವ್ಯತ್ಯಾಸ ಕಂಡುಬಂದಿದೆ ಎಂದು ಅವರ ಹೆಸರಿನಲ್ಲೇ ಗೊಂಚಲಿಗೆ ಪತ್ರ ಹೊರಟಿತು.

ಎಂಟು ಮಕ್ಕಳು ಅತಿಥಿಗೃಹಕ್ಕೆ ಹೋದರು. ಆಡಳಿತ ಮಂಡಳಿಯವರು ವರ್ಷಕ್ಕೆ ನಾಲ್ಕು ದಿನ ಬಂದು ಇಳಿಯುವ, ತೋಟದ ಮಧ್ಯದ ಕಟ್ಟಡ. ಉಳಿದ ದಿನ ಅದರ ಹಾಸಿಗೆಗಳಿಗೆ ಪ್ಲಾಸ್ಟಿಕ್ಕು ಹೊದಿಸಿರುತ್ತದೆ. ಸೂಪರಿಂಟೆಂಡೆಂಟರು ಎರಡು ದಿನ ಕೂಗಾಡಿದರು. ತಮ್ಮದೇ ಸಹಿ ಇದ್ದುದರಿಂದ ಹೆಚ್ಚು ಕೂಗಾಡಲಾಗಲಿಲ್ಲ. ಮೂರನೆಯ ದಿನ ಅವಳು ಬೀರು ತೆರೆದಾಗ ರಿಜಿಸ್ಟರಾಗಲಿ ನಿಯಮದ ಪುಸ್ತಕವಾಗಲಿ ಅಲ್ಲಿರಲಿಲ್ಲ. ಮೇಜಿನ ಮೇಲೆ ಹೊಸ ಕಟ್ಟು ಬಂದಿತ್ತು. ಇನ್ನೂರ ಹದಿಮೂರು ಪತ್ರ. ಅವಳು ಮೊಹರಿಗೆ ಶಾಯಿ ಹಾಕಿ ಒತ್ತತೊಡಗಿದಳು. ಮಗಳ ಲ್ಯಾಬು ನಡೆಯಬೇಕಿತ್ತು.

ಗೊಂಚಲು ಬಂದ. ಕುರ್ಚಿ ಕೊಟ್ಟರೂ ಕೂರಲಿಲ್ಲ. ಪಾಪ ಎಂದುಕೊಂಡು ಒಂದು ವರ್ಷದ ಮಟ್ಟಿಗೆ ಬಿಟ್ಟಿದ್ದೇನೆ, ಬಾಡಿಗೆ ಸ್ವಲ್ಪ ಏರಿಸುತ್ತೇನೆ ಎಂದ. ಉಪಕಾರ ಮಾಡಿದವನ ಗತ್ತು. ಆಮೇಲೆ ಕೀಲಿಕೈಗಳನ್ನು ಕೈಯಲ್ಲಿ ಒಟ್ಟುಮಾಡಿ ಹಿಡಿದುಕೊಂಡು ಅವಳನ್ನೇ ನೋಡಿದ.

"ಅಳೆಯೋಕೆ ಯಾರು ಬಂದಿದ್ರಮ್ಮ?"

"ಹಗಲೆಲ್ಲ ನಾನು ಕೆಲಸದಲ್ಲಿ ಇರ್ತೀನಿ. ನನಗೇನು ಗೊತ್ತು?"

"ಅಜ್ಜಿ, ನೀವಿದ್ರಲ್ಲ. ಯಾರು ಬಂದಿದ್ರು?"

ಅತ್ತೆ ಕಿವಿಯ ಹಿಂದೆ ಕೈ ಇಟ್ಟುಕೊಂಡರು. "ಏನಪ್ಪ?"

ಅವನು ಗಟ್ಟಿಯಾಗಿ ಕೇಳಿದ.

"ಊಟನಾ? ಆಯ್ತಪ್ಪ," ಎಂದರು ಅತ್ತೆ.

ಮನೆ ಉಳಿಯಿತು. ಒಂದು ವರ್ಷವಾದರೂ ಉಳಿಯಿತು. ಆ ವಾರ ಅವಳು ಹೊಟ್ಟೆ ತುಂಬ ಉಂಡಳು. ಆದರೆ ಶನಿವಾರ ಕಚೇರಿಯ ಟಪಾಲಿನಲ್ಲಿ ಗೊಂಚಲಿನ ಉತ್ತರ ಬಂತು. ತನ್ನಿಂದ ಏನೂ ತಪ್ಪಾಗಿಲ್ಲ, ಬಡಗಿಯು ಬೇಜವಾಬ್ದಾರಿಯಿಂದ ತಪ್ಪು ಅಳತೆ ಕೊಟ್ಟಿದ್ದಾನೆ, ಅವನನ್ನು ತನ್ನ ಎಲ್ಲ ಕೆಲಸದಿಂದ ತೆಗೆದುಹಾಕಿದ್ದೇನೆ, ಉಳಿದ ಯಜಮಾನರಿಗೂ ಎಚ್ಚರಿಕೆ ಕೊಟ್ಟಿದ್ದೇನೆ ಎಂದು ಬರೆದಿದ್ದ. ಕಳ್ಳ. ಸುಳ್ಳು ಅಂಕಿಯನ್ನು ತಾನೇ ಗೀಚಿ, ಅದನ್ನು ಆ ಬೀದಿಯಲ್ಲೇ ಅತ್ಯಂತ ನೆಟ್ಟಗಿನ ಕೈಗೆ ಕಟ್ಟಿದ್ದ.

ಆ ಸಂಜೆ ಗಂಡ ಬೇಗ ಬಂದ. ಉಪಕರಣದ ಪೆಟ್ಟಿಗೆಯನ್ನು ಎಂದಿನ ಮೂಲೆಯಲ್ಲಿ ಇಡದೆ ಬಾಗಿಲ ಬಳಿಯೇ ಬಿಟ್ಟ. ಬರಬೇಕಿದ್ದ ಎರಡು ಕೆಲಸ ಹೋಗಿದ್ದವು. ಪ್ಲೈವುಡ್ ಅಂಗಡಿಯಲ್ಲಿ ಯಾರೋ, ಮೇಸ್ತ್ರಿಗೆ ಏಳೂ ಒಂದೇ ಹತ್ತೂ ಒಂದೇ ಎಂದು ನಕ್ಕರಂತೆ. ಗೊಂಚಲಿನ ಹತ್ತಿರ ಹೋಗಿ ಕೇಳಿದರೆ ಅವನು ನಕ್ಷೆ ಬಿಡಿಸಿ ಹಿಡಿದನಂತೆ. ಇದು ನಿಮ್ಮ ಗೆರೆ ತಾನೆ? ಪೆನ್ಸಿಲು ಮಸುಕಾಗಿತ್ತು, ನೀವು ಬರೆದಿದ್ದ ಅಂಕಿಯ ಮೇಲೇ ಪೆನ್ನು ಆಡಿಸಿದೆ ಅಷ್ಟೆ ಎಂದನಂತೆ. ಗೆರೆ ತನ್ನದೇ.

ಊಟ ಬಡಿಸಿಟ್ಟಿತ್ತು. ಅವನು ಕೂರಲಿಲ್ಲ. ಟೇಪು ತೆಗೆದುಕೊಂಡು ಚಿಕ್ಕ ಕೋಣೆಗೆ ಹೋದ. ಸರ್ರ್, ಟಕ್. ಮತ್ತೆ ಅಳೆದ. ಮಗಳನ್ನು ಕರೆದು ಅಂಕಿ ಓದಿಸಿದ.

"ಏಳು ಅಪ್ಪ. ಈ ಕಡೆ ಏಳು ಮೇಲೆ ಸ್ವಲ್ಪ."

"ಏಳು ಇರೋ ಕಡೆ ನಾನು ಹತ್ತು ಅಂತ ಹೆಂಗೆ ಬರೆದೆ?" ಎಂದ. ಯಾರನ್ನೂ ಕೇಳಿದಂತಿರಲಿಲ್ಲ. ಮಂಚದ ತುದಿಗೆ ಕೂತು ಕಣ್ಣು ಉಜ್ಜಿಕೊಂಡ. "ಕಣ್ಣು ಹೋಯ್ತು ಅನ್ಸತ್ತೆ ಅಮ್ಮ. ನಾಳೆ ಡಾಕ್ಟರ್ ಹತ್ರ ತೋರಿಸ್ತೀನಿ."

ಅವಳು ಬಾಗಿಲಲ್ಲಿ ನಿಂತಿದ್ದಳು, ಅಂದು ರಾತ್ರಿ ನಿಂತಿದ್ದಲ್ಲೇ. ಹೇಳಿಬಿಡಬೇಕು ಎನಿಸಿತು. ನಿಮ್ಮ ಅಳತೆ ಸರಿಯಿತ್ತು, ನಾನೇ ಅಳೆದೆ, ನಾನೇ ಬರೆದೆ. ಅಷ್ಟು ಹೇಳಿದರೆ ಇವನ ಬೆನ್ನು ನೆಟ್ಟಗಾಗುತ್ತದೆ. ನೆಟ್ಟಗಾದ ಬೆನ್ನು ಈ ರಾತ್ರಿಯೇ ಗೊಂಚಲಿನ ಮನೆ ಬಾಗಿಲಿಗೆ ಹೋಗುತ್ತದೆ. ನಾಳೆ ಬೆಳಗ್ಗೆ ಪ್ಲೈವುಡ್ ಅಂಗಡಿಯಲ್ಲಿ, ಚಹಾದ ಗಾಡಿಯಲ್ಲಿ, ನನ್ನ ಹೆಂಡತಿಯೇ ಅಳೆದದ್ದು ಎಂಬುದು ಊರ ಮಾತಾಗುತ್ತದೆ. ಮೊದಲು ಅವಳ ಕೆಲಸ, ಅದರ ಹಿಂದೆ ಮಾಫಿ, ಅದರ ಹಿಂದೆ ಈ ಗೋಡೆ.

ಅವನು ತಲೆ ಎತ್ತಿದ. "ಅವತ್ತು ರಾತ್ರಿ ಅಳೀವಾಗ ನೀನಿದ್ದೆಯಲ್ಲ. ಎಷ್ಟು ಅಂತ ಹೇಳಿದ್ದೆ ನಿನಗೆ?"

ಅತ್ತೆ ತಮ್ಮ ಕೇಳುವ ಕಿವಿಯನ್ನು ಇತ್ತ ತಿರುಗಿಸಿಕೊಂಡು ಅವಳ ಮುಖವನ್ನೇ ನೋಡುತ್ತಿದ್ದರು.

"ನೆನಪಿಲ್ಲ," ಎಂದಳು ಅವಳು. "ನಿದ್ದೆಗಣ್ಣಲ್ಲಿದ್ದೆ. ಬನ್ನಿ, ಊಟ ಆರತ್ತೆ."